ಒಂದು ವಸ್ತು ಕೋಶಪೊರೆಯನ್ನು ಹೇಗೆ ದಾಟುತ್ತದೆ ಎಂದು ನಿರ್ಧರಿಸುವ ಬಗೆ

ಜೀವಶಾಸ್ತ್ರದ ಪಠ್ಯಗಳಲ್ಲಿ ಕೋಶಪೊರೆಯ ರಚನೆ ಒಂದು ಪಾಠವಾಗಿಯೂ ಅದರ ಮೂಲಕ ನಡೆಯುವ ಸಾಗಣೆ ಇನ್ನೊಂದು ಪಾಠವಾಗಿಯೂ ಬರುವುದರಿಂದ, ಹೆಚ್ಚಿನ ವಿದ್ಯಾರ್ಥಿಗಳು ಮೊದಲನೆಯದನ್ನು ಚಿತ್ರವಾಗಿ ಬಿಡಿಸಿ, ಎರಡನೆಯದನ್ನು ಪಟ್ಟಿಯಾಗಿ ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ಪಟ್ಟಿಯಲ್ಲಿಲ್ಲದ ವಸ್ತುವೊಂದನ್ನು ಹೆಸರಿಸಿ, ಇದು ಕೋಶದೊಳಕ್ಕೆ ಹೇಗೆ ಹೋಗುತ್ತದೆ ಎಂದು ಕೇಳಿದಾಗ ಆ ಬಾಯಿಪಾಠ ಕೈಕೊಡುತ್ತದೆ. ರಚನೆಯನ್ನು ಸರಿಯಾಗಿ ಗ್ರಹಿಸಿದವರಿಗೆ ಪಟ್ಟಿಯ ಅಗತ್ಯವೇ ಇಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ. ಯಾವ ವಸ್ತು ದಾಟೀತು, ಯಾವುದು ದಾಟಲಾರದು, ದಾಟಲಾರದ್ದಕ್ಕೆ ಯಾವ ನೆರವು ಬೇಕು ಎಂಬುದೆಲ್ಲ ಆ ತೆಳು ಪದರದ ರಚನೆಯಿಂದಲೇ ಹೊಮ್ಮುತ್ತದೆ. ಆದ್ದರಿಂದ ಮೊದಲು ಪೊರೆಯನ್ನು ಮನಸ್ಸಿನಲ್ಲಿ ಸರಿಯಾಗಿ ಕಟ್ಟಿಕೊಂಡು, ಅನಂತರ ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ಕೇಳಬೇಕು: ಆ ವಸ್ತು ಪೊರೆಯ ನಡುವಿನ ಎಣ್ಣೆಯಂಥ ಭಾಗದಲ್ಲಿ ಕರಗುತ್ತದೆಯೇ, ಅದನ್ನು ಯಾವ ಬಲಗಳು ಯಾವ ಕಡೆಗೆ ಎಳೆಯುತ್ತಿವೆ, ಅದಕ್ಕೆ ದಾರಿ ಮಾಡಿಕೊಡುವ ಪ್ರೋಟೀನು ಯಾವ ಬಗೆಯದು, ಶಕ್ತಿ ಎಲ್ಲಿಂದ ಬರುತ್ತದೆ.

ಪೊರೆಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದು

ಕೋಶಪೊರೆಯ ಮೂಲ ಘಟಕವಾದ ಫಾಸ್ಫೋಲಿಪಿಡ್ ಅಣುವಿಗೆ ವಿದ್ಯುದಂಶವುಳ್ಳ ಒಂದು ತಲೆ ಮತ್ತು ಕೊಬ್ಬಿನಾಮ್ಲಗಳಿಂದಾದ ಎರಡು ಉದ್ದನೆಯ ಬಾಲಗಳಿರುತ್ತವೆ. ತಲೆಯು ನೀರಿನೊಡನೆ ಬೆರೆಯುತ್ತದೆ, ಬಾಲಗಳು ನೀರಿನಿಂದ ದೂರ ಸರಿಯುತ್ತವೆ. ನೀರಿನಲ್ಲಿ ಇಂಥ ಅಣುಗಳನ್ನು ಬಿಟ್ಟರೆ ಅವು ತಲೆಗಳನ್ನು ಹೊರಗಿನ ನೀರಿಗೆ ಒಡ್ಡಿ, ಬಾಲಗಳನ್ನು ಒಳಗೆ ಅಡಗಿಸಿಕೊಂಡು ಎರಡು ಪದರಗಳ ಹಾಳೆಯಾಗಿ ತಾವಾಗಿಯೇ ಜೋಡಿಕೊಳ್ಳುತ್ತವೆ. ಇದಕ್ಕೆ ಕೋಶವು ಶಕ್ತಿಯನ್ನು ವ್ಯಯಿಸಬೇಕಿಲ್ಲ. ಹಾಳೆಯ ಅಂಚಿನಲ್ಲಿ ಬಾಲಗಳು ನೀರಿಗೆ ತೆರೆದುಕೊಳ್ಳುವ ಕಾರಣ ಅದು ಅಂಚಿಲ್ಲದಂತೆ ಮಡಚಿಕೊಂಡು ಚೀಲವಾಗುತ್ತದೆ, ಚಿಕ್ಕದೊಂದು ಹರಕು ಬಂದರೆ ಮತ್ತೆ ಕೂಡಿಕೊಳ್ಳುತ್ತದೆ. ಪೊರೆ ಎರಡು ಪದರದ್ದೆಂಬ ಊಹೆಗೆ 1925ರಲ್ಲಿ ನೆದರ್‌ಲೆಂಡ್ಸ್‌ನ ಗಾರ್ಟರ್ ಮತ್ತು ಗ್ರೆಂಡೆಲ್ ಮೊದಲ ಆಧಾರ ಒದಗಿಸಿದರು: ಕೆಂಪು ರಕ್ತಕಣಗಳಿಂದ ತೆಗೆದ ಲಿಪಿಡ್‌ಗಳನ್ನು ನೀರಿನ ಮೇಲೆ ಒಂದೇ ಪದರವಾಗಿ ಹರಡಿದಾಗ ಅದರ ವಿಸ್ತೀರ್ಣ ಆ ಕಣಗಳ ಮೇಲ್ಮೈಯ ಸುಮಾರು ಎರಡು ಪಟ್ಟಿತ್ತು. ಅವರು ಲಿಪಿಡ್‌ಗಳನ್ನು ಪೂರ್ತಿ ಹೊರತೆಗೆದಿರಲಿಲ್ಲ, ಕಣಗಳ ಮೇಲ್ಮೈಯನ್ನೂ ಕಡಿಮೆ ಅಂದಾಜಿಸಿದ್ದರು. ಎರಡು ತಪ್ಪುಗಳೂ ಒಂದನ್ನೊಂದು ಸರಿದೂಗಿಸಿ ಸರಿಯಾದ ಉತ್ತರವೇ ಬಂದದ್ದು ವಿಜ್ಞಾನದ ಇತಿಹಾಸದ ಸೋಜಿಗಗಳಲ್ಲೊಂದು.

ಈ ದ್ವಿಪದರದ ದಪ್ಪ ಸುಮಾರು 5 ನ್ಯಾನೊಮೀಟರ್. ಅದರಲ್ಲಿ ನಡುವಿನ ಸುಮಾರು 3 ನ್ಯಾನೊಮೀಟರ್ ಶುದ್ಧ ಎಣ್ಣೆಯಂಥ ಭಾಗ. ಚಿತ್ರ ಬಿಡಿಸುವಾಗ ತಲೆಗಳ ದುಂಡು ಗುಂಡುಗಳಿಗೆ ಗಮನ ಕೊಟ್ಟು ಈ ನಡುಭಾಗವನ್ನು ಎರಡು ಗೆರೆಗಳಲ್ಲಿ ಮುಗಿಸುವ ಅಭ್ಯಾಸವಿದೆ. ಸಾಗಣೆಯ ದೃಷ್ಟಿಯಿಂದ ನಿಜವಾದ ತಡೆಗೋಡೆ ಆ 3 ನ್ಯಾನೊಮೀಟರೇ ಆದ್ದರಿಂದ, ಚಿತ್ರದಲ್ಲಿ ಅದಕ್ಕೆ ಬೇರೆ ಬಣ್ಣ ತುಂಬಿರೆಂದು ಸಲಹೆ ನೀಡುತ್ತೇನೆ. ಪೊರೆಯನ್ನು ಅಡ್ಡಲಾಗಿ ಹಾದುಹೋಗುವ ಪ್ರೋಟೀನುಗಳ ರಚನೆಯನ್ನೂ ಇದೇ ಅಳತೆ ನಿರ್ಧರಿಸುತ್ತದೆ. ಸುರುಳಿಯಾಕಾರದ ಆಲ್ಫಾ ಹೆಲಿಕ್ಸ್‌ನಲ್ಲಿ ಒಂದೊಂದು ಅಮೈನೊ ಆಮ್ಲವೂ ಸುರುಳಿಯ ಉದ್ದಕ್ಕೆ 0.15 ನ್ಯಾನೊಮೀಟರ್ ಸೇರಿಸುತ್ತದೆ. ಹಾಗಾಗಿ ಎಣ್ಣೆಯ ಭಾಗವನ್ನು ದಾಟಲು ಸುಮಾರು 20 ಅಮೈನೊ ಆಮ್ಲಗಳು ಬೇಕು. ಯಾವುದೇ ಪ್ರೋಟೀನಿನ ಅನುಕ್ರಮ ಕೈಗೆ ಸಿಕ್ಕಾಗ, ನೀರನ್ನು ಒಲ್ಲದ ಸುಮಾರು 20 ಅಮೈನೊ ಆಮ್ಲಗಳು ಸಾಲಾಗಿ ಎಲ್ಲೆಲ್ಲಿ ಬರುತ್ತವೆ ಎಂದು ಹುಡುಕಿದರೆ, ಅದು ಪೊರೆಯನ್ನು ಎಷ್ಟು ಬಾರಿ ಹಾಯ್ದಿರಬಹುದೆಂಬ ಒಳ್ಳೆಯ ಅಂದಾಜು ಸಿಗುತ್ತದೆ.

ಪೊರೆ ಗಟ್ಟಿ ಗೋಡೆಯೆಂಬ ಕಲ್ಪನೆಯನ್ನು ಮಾತ್ರ ಬಿಡಬೇಕು. 1970ರಲ್ಲಿ ಫ್ರೈ ಮತ್ತು ಎಡಿಡಿನ್ ಇಲಿಯ ಕೋಶವನ್ನು ಮನುಷ್ಯನ ಕೋಶದೊಡನೆ ಬೆಸೆದು, ಎರಡರ ಮೇಲ್ಮೈ ಪ್ರೋಟೀನುಗಳಿಗೆ ಬೇರೆ ಬೇರೆ ಬಣ್ಣದ ಗುರುತು ಹಚ್ಚಿ ನೋಡಿದಾಗ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 40 ನಿಮಿಷಗಳೊಳಗೆ ಎರಡು ಬಣ್ಣಗಳೂ ಬೆರೆತುಹೋಗಿದ್ದವು. ಎರಡು ವರ್ಷಗಳ ಬಳಿಕ ಸಿಂಗರ್ ಮತ್ತು ನಿಕಲ್ಸನ್ ಮಂಡಿಸಿದ, ದ್ರವದಂತೆ ಹರಿದಾಡುವ ಲಿಪಿಡ್ ಪದರದಲ್ಲಿ ಪ್ರೋಟೀನುಗಳು ನಾಟಿಕೊಂಡಿರುವ ಮಾದರಿಯೇ ಇಂದಿನ ತಿಳಿವಳಿಕೆಗೆ ತಳಹದಿ. ಲಿಪಿಡ್ ಅಣುವು ತನ್ನ ಪದರದೊಳಗೆ ಎಷ್ಟು ಬೇಗ ಜಾರುತ್ತದೆಂದರೆ ಬ್ಯಾಕ್ಟೀರಿಯಾ ಕೋಶದ ಉದ್ದವನ್ನು ಸುಮಾರು ಒಂದು ಸೆಕೆಂಡಿನಲ್ಲಿ ಕ್ರಮಿಸಬಲ್ಲುದು. ಆದರೆ ಒಂದು ಪದರದಿಂದ ಎದುರಿನ ಪದರಕ್ಕೆ ಮಗುಚಿಕೊಳ್ಳಲು, ಪ್ರೋಟೀನಿನ ನೆರವಿಲ್ಲದಿದ್ದರೆ, ಗಂಟೆಗಳೋ ದಿನಗಳೋ ಬೇಕು. ಕಾರಣ ಸ್ಪಷ್ಟವಾಗಿದೆ: ಮಗುಚಬೇಕಾದರೆ ವಿದ್ಯುದಂಶದ ತಲೆ ಆ 3 ನ್ಯಾನೊಮೀಟರ್ ಎಣ್ಣೆಯನ್ನು ಹಾಯಲೇಬೇಕು. ಪೊರೆಯ ಸ್ವಂತ ಅಣುವಿಗೇ ಇಷ್ಟು ಕಷ್ಟವಾದ ದಾರಿ ಹೊರಗಿನ ಅಯಾನಿಗೆ ಸುಲಭವಾಗಲಾರದೆಂಬ ಸುಳಿವನ್ನು ಇಲ್ಲಿಯೇ ಹಿಡಿದಿಟ್ಟುಕೊಳ್ಳಿ. ಎರಡು ಪದರಗಳ ಸಂಯೋಜನೆ ಬೇರೆ ಬೇರೆಯಾಗಿ ಉಳಿಯುವುದೂ ಇದರಿಂದಲೇ. ಪ್ರಾಣಿಕೋಶಗಳಲ್ಲಿ ಫಾಸ್ಫಟಿಡೈಲ್‌ಸೆರೀನ್ ಎಂಬ ಫಾಸ್ಫೋಲಿಪಿಡ್ ಒಳಪದರದಲ್ಲಿರುತ್ತದೆ, ಕೋಶವು ಸಾವಿನ ಹಾದಿ ಹಿಡಿದಾಗ ಹೊರಪದರದಲ್ಲಿ ಕಾಣಿಸಿಕೊಂಡು ಭಕ್ಷಕಕೋಶಗಳಿಗೆ ಗುರುತಾಗುತ್ತದೆ. ಕೊಲೆಸ್ಟರಾಲ್ ಬಾಲಗಳ ನಡುವೆ ಸೇರಿಕೊಂಡು, ಬಿಸಿಯಲ್ಲಿ ಪೊರೆ ಅತಿಯಾಗಿ ಸಡಿಲಾಗದಂತೆಯೂ ತಂಪಿನಲ್ಲಿ ಹೆಪ್ಪುಗಟ್ಟದಂತೆಯೂ ತಡೆಯುತ್ತದೆ.

ಮೊದಲ ಪ್ರಶ್ನೆ: ಎಣ್ಣೆಯ ಭಾಗದಲ್ಲಿ ಕರಗುತ್ತದೆಯೇ?

ವಸ್ತುವಿನ ಅಣುರಚನೆಯನ್ನು ಎದುರಿಗಿಟ್ಟುಕೊಂಡು ಮೊದಲು ಅದರ ವಿದ್ಯುದಂಶವನ್ನೂ, ಅನಂತರ ನೀರಿನೊಡನೆ ಹೈಡ್ರೊಜನ್ ಬಂಧ ಬೆಸೆಯುವ ಗುಂಪುಗಳನ್ನೂ, ಕೊನೆಗೆ ಗಾತ್ರವನ್ನೂ ನೋಡಬೇಕು. ಆಮ್ಲಜನಕ, ಇಂಗಾಲದ ಡೈಆಕ್ಸೈಡ್, ಸ್ಟೀರಾಯ್ಡ್ ಹಾರ್ಮೋನುಗಳಂಥ ವಿದ್ಯುದಂಶವಿಲ್ಲದ ವಸ್ತುಗಳು ಯಾವ ನೆರವೂ ಇಲ್ಲದೆ ದಾಟುತ್ತವೆ. ನೀರು ಧ್ರುವೀಯ ಅಣುವಾದರೂ ತೀರ ಚಿಕ್ಕದಾದ್ದರಿಂದ ತಕ್ಕಮಟ್ಟಿಗೆ ನುಸುಳುತ್ತದೆ. ಯೂರಿಯಾ ನೀರಿಗಿಂತ ಸಾವಿರ ಪಟ್ಟಿಗೂ ನಿಧಾನ, ಗ್ಲುಕೋಸ್ ಇನ್ನೂ ನಿಧಾನ, ಸೋಡಿಯಂ ಅಯಾನು ನೀರಿಗಿಂತ ಸುಮಾರು ನೂರು ಕೋಟಿ ಪಟ್ಟು ನಿಧಾನ. ಇಷ್ಟು ದೊಡ್ಡ ಅಂತರಕ್ಕೆ ಗಾತ್ರ ಕಾರಣವಲ್ಲ; ಸೋಡಿಯಂ ಅಯಾನು ಗ್ಲುಕೋಸ್‌ಗಿಂತ ಎಷ್ಟೋ ಚಿಕ್ಕದು. ಅಯಾನನ್ನು ಸುತ್ತುವರಿದ ನೀರಿನ ಅಣುಗಳನ್ನು ಕಳಚಿ ಎಣ್ಣೆಯೊಳಗೆ ಒಯ್ಯಲು ತಗಲುವ ಶಕ್ತಿಯೇ ತಡೆ.

ದುರ್ಬಲ ಆಮ್ಲ ಅಥವಾ ಪ್ರತ್ಯಾಮ್ಲವಾಗಿದ್ದರೆ ಉತ್ತರವು ಪಿಎಚ್‌ನೊಂದಿಗೆ ಬದಲಾಗುತ್ತದೆ, ಈ ಹಂತವನ್ನು ಹಲವರು ಮರೆಯುತ್ತಾರೆ. ಆಸ್ಪಿರಿನ್‌ನ ಪಿಕೆಎ, ಅಂದರೆ ಅದರ ಅರ್ಧದಷ್ಟು ಅಣುಗಳು ಪ್ರೋಟಾನನ್ನು ಕಳೆದುಕೊಂಡಿರುವ ಪಿಎಚ್, ಸುಮಾರು 3.5. ಪಿಎಚ್ 1.5 ಇರುವ ಜಠರರಸದಲ್ಲಿ ಅದರ ಶೇ. 99ರಷ್ಟು ಅಣುಗಳು ವಿದ್ಯುದಂಶವಿಲ್ಲದ ರೂಪದಲ್ಲಿದ್ದು ಪೊರೆಯನ್ನು ದಾಟಬಲ್ಲವು. ಪಿಎಚ್ 7ರ ಆಸುಪಾಸಿನ ಕೋಶದ್ರವ್ಯಕ್ಕೆ ಬಂದೊಡನೆ ಬಹುಪಾಲು ಅಣುಗಳು ಪ್ರೋಟಾನನ್ನು ಕಳೆದುಕೊಂಡು ಋಣ ವಿದ್ಯುದಂಶ ಪಡೆದು, ಹಿಂದಿರುಗಲಾರದೆ ಒಳಗೇ ಸಿಲುಕುತ್ತವೆ. ಅಮೋನಿಯಾ ಮತ್ತು ಅಮೋನಿಯಂ ಅಯಾನಿನ ಲೆಕ್ಕವೂ ಹೀಗೆಯೇ, ದಿಕ್ಕು ಮಾತ್ರ ತಿರುವುಮುರುವು. ಆದ್ದರಿಂದ ಯಾವುದೇ ಔಷಧದ ಅಣುವನ್ನು ಪರಿಶೀಲಿಸುವಾಗ ಪಿಕೆಎಯನ್ನು ಪಕ್ಕದಲ್ಲಿ ಬರೆದುಕೊಳ್ಳದೆ ಈ ಪ್ರಶ್ನೆಗೆ ಉತ್ತರಿಸಬಾರದು.

ಎರಡನೆಯ ಪ್ರಶ್ನೆ: ಯಾವ ಕಡೆಗೆ ಸೆಳೆತ?

ವಿದ್ಯುದಂಶವಿಲ್ಲದ ವಸ್ತುವಾದರೆ ಕೆಲಸ ಸುಲಭ. ಹೆಚ್ಚು ಸಾರತೆಯಿರುವ ಕಡೆಯಿಂದ ಕಡಿಮೆ ಸಾರತೆಯ ಕಡೆಗೆ ನಿವ್ವಳ ಚಲನೆ. ಅಯಾನಾದರೆ ಪೊರೆಯ ಎರಡು ಬದಿಗಳ ನಡುವಿನ ವಿದ್ಯುತ್ ವಿಭವಾಂತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸ್ತಬ್ಧ ಸ್ಥಿತಿಯ ನರಕೋಶದಲ್ಲಿ ಒಳಬದಿಯು ಹೊರಬದಿಗಿಂತ ಸುಮಾರು 70 ಮಿಲಿವೋಲ್ಟ್ ಋಣವಾಗಿರುತ್ತದೆ. ಸಣ್ಣ ಸಂಖ್ಯೆಯೆನಿಸಬಹುದು, ಆದರೆ ಅದು 5 ನ್ಯಾನೊಮೀಟರ್ ದಪ್ಪದ ಆಚೀಚೆ ಇರುವ ಅಂತರ. ಮೀಟರಿಗೆ ಸುಮಾರು 1.4 ಕೋಟಿ ವೋಲ್ಟ್‌ಗಳ ವಿದ್ಯುತ್ ಕ್ಷೇತ್ರ ಅಲ್ಲಿದೆ.

ಸಾರತೆಯ ಸೆಳೆತವನ್ನೂ ವಿದ್ಯುತ್ತಿನ ಸೆಳೆತವನ್ನೂ ಒಂದೇ ಅಳತೆಗೆ ತರುವ ಸಾಧನವೆಂದರೆ ನರ್ನ್‌ಸ್ಟ್ ಸಮೀಕರಣ. 37 ಡಿಗ್ರಿಯಲ್ಲಿ, ಒಂದು ಧನ ವಿದ್ಯುದಂಶವುಳ್ಳ ಅಯಾನಿಗೆ, ಹೊರಗಿನ ಸಾರತೆಯನ್ನು ಒಳಗಿನ ಸಾರತೆಯಿಂದ ಭಾಗಿಸಿ, ಹತ್ತರ ಆಧಾರದ ಲಾಗರಿದಮ್ ತೆಗೆದು, 61.5ರಿಂದ ಗುಣಿಸಿದರೆ ಸಮತೋಲನದ ವಿಭವ ಮಿಲಿವೋಲ್ಟ್‌ಗಳಲ್ಲಿ ಸಿಗುತ್ತದೆ. ಪೊಟ್ಯಾಸಿಯಂ ಹೊರಗೆ ಲೀಟರಿಗೆ 4, ಒಳಗೆ 140 ಮಿಲಿಮೋಲ್ ಇದ್ದರೆ ಉತ್ತರ ಋಣ 95 ಮಿಲಿವೋಲ್ಟ್. ಸೋಡಿಯಂ ಹೊರಗೆ 145, ಒಳಗೆ 12 ಇದ್ದರೆ ಧನ 67 ಮಿಲಿವೋಲ್ಟ್. ಈಗ ಇವನ್ನು ಪೊರೆಯ ನಿಜವಾದ ವಿಭವವಾದ ಋಣ 70ರೊಡನೆ ಹೋಲಿಸಿ. ಪೊಟ್ಯಾಸಿಯಂ ತನ್ನ ಸಮತೋಲನದಿಂದ ಕೇವಲ 25 ಮಿಲಿವೋಲ್ಟ್ ದೂರದಲ್ಲಿದೆ, ಅದರ ಸೆಳೆತ ಹೊರಮುಖವಾಗಿ ಅಲ್ಪವಾಗಿದೆ. ಸೋಡಿಯಂ 137 ಮಿಲಿವೋಲ್ಟ್ ದೂರದಲ್ಲಿದ್ದು, ಸಾರತೆ ಮತ್ತು ವಿದ್ಯುತ್ತು ಎರಡೂ ಅದನ್ನು ಒಳಕ್ಕೇ ಎಳೆಯುತ್ತಿವೆ. ನರದ ಸಂಜ್ಞೆಯಿಂದ ಹಿಡಿದು ಕರುಳಿನಲ್ಲಿ ಸಕ್ಕರೆಯ ಹೀರಿಕೆಯವರೆಗೆ ಸೋಡಿಯಂಗೆ ಇಷ್ಟು ಪ್ರಾಮುಖ್ಯ ಬಂದಿರುವುದು ಈ 137ರ ಬಲದಿಂದ. ಈ ಒಂದು ಲೆಕ್ಕವನ್ನು ಕೈಯಾರೆ ಮಾಡದೆ ಮುಂದಿನ ಭಾಗಕ್ಕೆ ಹೋಗಬೇಡಿರೆಂದು ಒತ್ತಾಯಿಸುತ್ತೇನೆ.

ಇಲ್ಲಿ ಒಂದು ಸಂದೇಹ ಸಹಜವಾಗಿ ಏಳುತ್ತದೆ: ವಿಭವ ಉಂಟಾಗುವಷ್ಟು ಅಯಾನುಗಳು ಹೊರಟುಹೋದರೆ ಒಳಗಿನ ಸಾರತೆ ಬದಲಾಗದೆ? 20 ಮೈಕ್ರೊಮೀಟರ್ ವ್ಯಾಸದ ದುಂಡನೆಯ ಕೋಶವನ್ನು ಊಹಿಸಿಕೊಂಡು, ಪೊರೆಯ ಧಾರಕತೆ (ವಿದ್ಯುದಂಶವನ್ನು ಹಿಡಿದಿಡುವ ಸಾಮರ್ಥ್ಯ) ಚದರ ಸೆಂಟಿಮೀಟರಿಗೆ 1 ಮೈಕ್ರೊಫ್ಯಾರಡ್ ಎಂದಿಟ್ಟುಕೊಂಡರೆ, 70 ಮಿಲಿವೋಲ್ಟ್‌ಗೆ ಸುಮಾರು 55 ಲಕ್ಷ ಅಯಾನುಗಳ ಸ್ಥಳಾಂತರ ಸಾಕು. ಅದೇ ಕೋಶದೊಳಗಿನ ಪೊಟ್ಯಾಸಿಯಂ ಅಯಾನುಗಳ ಸಂಖ್ಯೆ ಸುಮಾರು 35,000 ಕೋಟಿ. ಅಂದರೆ 60,000ಕ್ಕೆ ಒಂದರಷ್ಟು ಅಯಾನು ಸರಿದರೂ ಪೂರ್ಣ ವಿಭವ ಬಂದುಬಿಡುತ್ತದೆ, ಸಾರತೆ ಕದಲುವುದಿಲ್ಲ.

ಮೂರನೆಯ ಪ್ರಶ್ನೆ: ಯಾವ ಬಗೆಯ ಪ್ರೋಟೀನು?

ಸೆಳೆತವಿದ್ದೂ ಎಣ್ಣೆಯಲ್ಲಿ ಕರಗದ ವಸ್ತುವಿಗೆ ಚಾನೆಲ್ ಅಥವಾ ವಾಹಕ ಪ್ರೋಟೀನು ಬೇಕು. ಚಾನೆಲ್ ತೆರೆದಾಗ ಎರಡು ಬದಿಗಳಿಗೂ ಒಮ್ಮೆಗೇ ತೆರೆದ ರಂಧ್ರವಾಗಿರುತ್ತದೆ. ವಾಹಕವು ಒಂದು ಬದಿಯಲ್ಲಿ ಅಣುವನ್ನು ಹಿಡಿದು, ತನ್ನ ಆಕಾರವನ್ನು ಬದಲಿಸಿ, ಇನ್ನೊಂದು ಬದಿಯಲ್ಲಿ ಬಿಡುತ್ತದೆ, ಒಂದೇ ಕಾಲಕ್ಕೆ ಎರಡೂ ಕಡೆಗೆ ತೆರೆದಿರುವುದಿಲ್ಲ. ವೇಗದಲ್ಲಿ ಇದು ಎದ್ದುಕಾಣುತ್ತದೆ. ಪೊಟ್ಯಾಸಿಯಂ ಚಾನೆಲ್ ಸೆಕೆಂಡಿಗೆ ಸುಮಾರು 10 ಕೋಟಿ ಅಯಾನುಗಳನ್ನು ಬಿಡಬಲ್ಲುದು, ಗ್ಲುಕೋಸ್ ವಾಹಕ ಸೆಕೆಂಡಿಗೆ ನೂರಾರರಿಂದ ಸಾವಿರದ ಆಸುಪಾಸಿನ ಅಣುಗಳನ್ನು ಮಾತ್ರ ಸಾಗಿಸುತ್ತದೆ.

ಪೊಟ್ಯಾಸಿಯಂ ಚಾನೆಲ್ ಇಷ್ಟು ವೇಗದಲ್ಲೂ ಪೊಟ್ಯಾಸಿಯಂಗಿಂತ ಚಿಕ್ಕದಾದ ಸೋಡಿಯಂ ಅಯಾನನ್ನು ತಡೆಯುವುದು ಮೇಲ್ನೋಟಕ್ಕೆ ಅಸಾಧ್ಯವೆನಿಸುತ್ತದೆ. ರೋಡರಿಕ್ ಮೆಕಿನನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ರಚನೆ ಇದನ್ನು ಬಿಡಿಸಿ ತೋರಿಸಿತು. ಚಾನೆಲಿನ ಅತಿ ಕಿರಿದಾದ ಭಾಗದಲ್ಲಿ ಆಮ್ಲಜನಕದ ಪರಮಾಣುಗಳು ಎಂಥ ಅಂತರದಲ್ಲಿ ನಿಂತಿವೆಯೆಂದರೆ, ನೀರನ್ನು ಕಳಚಿ ಬಂದ ಪೊಟ್ಯಾಸಿಯಂಗೆ ಅವು ಕಳೆದುಕೊಂಡ ನೀರಿನ ಸ್ಥಾನವನ್ನು ಸರಿಯಾಗಿ ತುಂಬಿಕೊಡುತ್ತವೆ. ಸೋಡಿಯಂ ಚಿಕ್ಕದಾದ್ದರಿಂದ ಆ ಪರಮಾಣುಗಳನ್ನೆಲ್ಲ ಸಮೀಪಿಸಲಾರದು, ಅದಕ್ಕೆ ನೀರನ್ನು ಕಳಚುವ ವೆಚ್ಚ ಹಿಂದಿರುಗುವುದಿಲ್ಲ. ಎಣ್ಣೆಯ ತಡೆಗೋಡೆಗೆ ನಾವು ಕೊಟ್ಟ ಕಾರಣವೇ ಇಲ್ಲಿ ಆಯ್ಕೆಯ ಸಾಧನವಾಗಿದೆ. ಇದಕ್ಕಿಂತ ಸುಂದರವಾದ ರಚನೆಯನ್ನು ನಾನು ಜೀವಶಾಸ್ತ್ರದಲ್ಲಿ ಹೆಚ್ಚು ಕಂಡಿಲ್ಲ. ನೀರಿಗೂ ತನ್ನದೇ ಚಾನೆಲ್‌ಗಳಿವೆ. ಪೀಟರ್ ಏಗ್ರೆಯವರ ತಂಡ 1992ರಲ್ಲಿ ಆ ಪ್ರೋಟೀನಿನ ಆರ್‌ಎನ್‌ಎಯನ್ನು ಕಪ್ಪೆಯ ಅಂಡಕೋಶಗಳಿಗೆ ಚುಚ್ಚಿದಾಗ, ಸಾರತೆ ಕಡಿಮೆಯಿರುವ ದ್ರಾವಣದಲ್ಲಿ ಅವು ಬೇಗನೆ ಊದಿಕೊಂಡು ಒಡೆದವು, ಚುಚ್ಚದ ಕೋಶಗಳು ಬಹುಮಟ್ಟಿಗೆ ಹಾಗೆಯೇ ಉಳಿದವು. 2003ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಇವರಿಬ್ಬರೂ ಹಂಚಿಕೊಂಡರು.

ನಾಲ್ಕನೆಯ ಪ್ರಶ್ನೆ: ಶಕ್ತಿ ಎಲ್ಲಿಂದ?

ಸೆಳೆತಕ್ಕೆ ಎದುರಾಗಿ ಸಾಗಣೆ ನಡೆಯುತ್ತಿದ್ದರೆ ಮಾತ್ರ ಈ ಪ್ರಶ್ನೆ ಬೇಕು. ಪ್ರಾಥಮಿಕ ಸಕ್ರಿಯ ಸಾಗಣೆಯಲ್ಲಿ ಪಂಪು ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಅಣುವನ್ನು ನೇರವಾಗಿ ಒಡೆಯುತ್ತದೆ. ಯೆನ್ಸ್ ಸ್ಕೌ 1957ರಲ್ಲಿ ಗುರುತಿಸಿದ ಸೋಡಿಯಂ-ಪೊಟ್ಯಾಸಿಯಂ ಪಂಪು ಒಂದು ಎಟಿಪಿಗೆ 3 ಸೋಡಿಯಂ ಅಯಾನುಗಳನ್ನು ಹೊರಕ್ಕೂ 2 ಪೊಟ್ಯಾಸಿಯಂ ಅಯಾನುಗಳನ್ನು ಒಳಕ್ಕೂ ಒಯ್ಯುತ್ತದೆ. ದ್ವಿತೀಯಕ ಸಕ್ರಿಯ ಸಾಗಣೆಯಲ್ಲಿ ಎಟಿಪಿಯ ನೇರ ಪಾತ್ರವಿಲ್ಲ. ಒಂದು ಅಯಾನು ತನ್ನ ಇಳಿಜಾರಿನಲ್ಲಿ ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯಿಂದ ಇನ್ನೊಂದು ವಸ್ತು ಏರುತ್ತದೆ. ಕರುಳಿನ ಒಳಮೈಯ ಕೋಶಗಳಲ್ಲಿರುವ ಎಸ್‌ಜಿಎಲ್‌ಟಿ1 ಎಂಬ ವಾಹಕವು 2 ಸೋಡಿಯಂ ಅಯಾನುಗಳೊಂದಿಗೆ 1 ಗ್ಲುಕೋಸ್ ಅಣುವನ್ನು ಒಳಕ್ಕೆ ತರುತ್ತದೆ.

ಇದು ಎಷ್ಟು ಬಲವಾದ ಏರ್ಪಾಡೆಂದು ಹಿಂದಿನ ಸಂಖ್ಯೆಗಳಿಂದಲೇ ಅಳೆಯಬಹುದು. ಪೊರೆಯ ವಿಭವ ಋಣ 60 ಮಿಲಿವೋಲ್ಟ್ ಎಂದುಕೊಂಡರೆ ಸೋಡಿಯಂನ ಸೆಳೆತ 127 ಮಿಲಿವೋಲ್ಟ್. ಎರಡು ಅಯಾನುಗಳಿಗೆ 254. ಇದನ್ನು 61.5ರಿಂದ ಭಾಗಿಸಿದರೆ 4ಕ್ಕಿಂತ ತುಸು ಹೆಚ್ಚು, ಅಂದರೆ ತಾತ್ವಿಕವಾಗಿ ಒಳಗಿನ ಗ್ಲುಕೋಸನ್ನು ಹೊರಗಿನದಕ್ಕಿಂತ 10,000 ಪಟ್ಟಿಗೂ ಮೀರಿ ಏರಿಸಬಹುದು. ಒಂದೇ ಸೋಡಿಯಂ ಬಳಕೆಯಾಗಿದ್ದರೆ ಈ ಮಿತಿ ನೂರು ಪಟ್ಟಿನ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಅತಿಸಾರದಿಂದ ನೀರು ಕಳೆದುಕೊಂಡವರಿಗೆ ಕೊಡುವ ಓಆರ್‌ಎಸ್ ದ್ರಾವಣದಲ್ಲಿ ಸೋಡಿಯಂ ಮತ್ತು ಗ್ಲುಕೋಸ್ ಎರಡೂ ಇರಬೇಕೆಂಬ ನಿಯಮದ ಹಿಂದೆ ಇರುವುದು ಇದೇ ವಾಹಕ. ವಿಶ್ವ ಆರೋಗ್ಯ ಸಂಸ್ಥೆ 2002ರಿಂದ ಶಿಫಾರಸು ಮಾಡುತ್ತಿರುವ ಸೂತ್ರದಲ್ಲಿ ಎರಡೂ ಲೀಟರಿಗೆ 75 ಮಿಲಿಮೋಲ್‌ನಷ್ಟೇ ಇವೆ. ಇವೆರಡನ್ನು ಹಿಂಬಾಲಿಸಿ ನೀರು ಒಳಬರುತ್ತದೆ.

ದೊಡ್ಡ ಪ್ರೋಟೀನುಗಳಂಥ ಅಣುಗಳು ಸಾಮಾನ್ಯವಾಗಿ ಈ ದಾರಿಗಳನ್ನು ಬಳಸದೆ ಪೊರೆಯಿಂದಲೇ ಮಾಡಿದ ಕೋಶಿಕೆಗಳಲ್ಲಿ ಸುತ್ತಿಕೊಂಡು ಒಳಹೊರಗೆ ಸಾಗುತ್ತವೆ. ಅವುಗಳಿಗೆ ನಾಲ್ಕು ಪ್ರಶ್ನೆಗಳ ಬದಲು ಯಾವ ಗ್ರಾಹಕ ಹಿಡಿಯುತ್ತದೆ ಎಂದು ಕೇಳಬೇಕು.

ನೀರಿನ ಚಲನೆಯನ್ನು ಲೆಕ್ಕ ಹಾಕುವಾಗ

ಅಭಿಸರಣೆಯ ಲೆಕ್ಕಗಳಲ್ಲಿ ಎಡವುವುದು ಹೆಚ್ಚಾಗಿ ಒಂದೇ ಕಡೆ: ದ್ರಾವಣದಲ್ಲಿರುವ ಒಟ್ಟು ಕಣಗಳ ಸಾರತೆಯನ್ನು ಮಾತ್ರ ನೋಡಿ ಕೋಶದ ಗತಿಯನ್ನು ಹೇಳಿಬಿಡುವುದು. ಸರಿಯಾದ ಕ್ರಮವೆಂದರೆ ಮೊದಲು ಪೊರೆಯನ್ನು ದಾಟಬಲ್ಲ ವಸ್ತುಗಳನ್ನು ಹೊಡೆದುಹಾಕಿ, ಉಳಿದವುಗಳ ಸಾರತೆಯನ್ನು, ಕರಗಿದ ಕಣಗಳನ್ನು ಎಣಿಸುವ ಮಿಲಿಆಸ್ಮೋಲ್ ಅಳತೆಯಲ್ಲಿ, ಒಳಗಿನ ಸುಮಾರು 300 ಮಿಲಿಆಸ್ಮೋಲ್‌ಗೆ ಹೋಲಿಸುವುದು. ಶೇ. 0.9ರ ಉಪ್ಪಿನ ದ್ರಾವಣದಲ್ಲಿ ಕೆಂಪು ರಕ್ತಕಣಗಳು ಹಾಗೆಯೇ ಉಳಿಯುತ್ತವೆ. 300 ಮಿಲಿಮೋಲ್ ಯೂರಿಯಾ ದ್ರಾವಣದ ಒಟ್ಟು ಸಾರತೆಯೂ ಹೆಚ್ಚುಕಡಿಮೆ ಅಷ್ಟೇ, ಆದರೂ ಅದರಲ್ಲಿ ಕಣಗಳು ಊದಿ ಒಡೆಯುತ್ತವೆ. ಕೆಂಪು ರಕ್ತಕಣದ ಪೊರೆಯಲ್ಲಿ ಯೂರಿಯಾ ವಾಹಕವಿರುವುದರಿಂದ ಯೂರಿಯಾ ಒಳಗೆ ಹರಿದು, ನೀರು ಅದರ ಬೆನ್ನು ಹತ್ತುತ್ತದೆ. 150 ಮಿಲಿಮೋಲ್ ಉಪ್ಪಿನ ಜೊತೆಗೆ 300 ಮಿಲಿಮೋಲ್ ಯೂರಿಯಾ ಇದ್ದರೆ ಏನಾದೀತು? ಯೂರಿಯಾವನ್ನು ಹೊಡೆದುಹಾಕಿದರೆ, ಉಪ್ಪು ಎರಡು ಅಯಾನುಗಳಾಗಿ ಬಿಡಿಯಾಗುವುದರಿಂದ, ಉಳಿಯುವುದು 300 ಮಿಲಿಆಸ್ಮೋಲ್. ಕಣ ಮೊದಲು ಕ್ಷಣಕಾಲ ಕುಗ್ಗಿ, ಯೂರಿಯಾ ಒಳಸೇರಿದಂತೆ ಮೂಲ ಗಾತ್ರಕ್ಕೆ ಮರಳುತ್ತದೆ. ಸಸ್ಯಕೋಶಗಳಲ್ಲಿ ಕೋಶಭಿತ್ತಿಯು ಒಳಗಿನ ಒತ್ತಡವನ್ನು ತಡೆದುಕೊಳ್ಳುವ ಕಾರಣ ಒಡೆಯುವ ಪ್ರಶ್ನೆ ಏಳದು. 300 ಮಿಲಿಆಸ್ಮೋಲ್‌ಗಳ ವ್ಯತ್ಯಾಸವು 37 ಡಿಗ್ರಿಯಲ್ಲಿ ಏಳೂವರೆ ವಾಯುಭಾರದಷ್ಟು ಒತ್ತಡಕ್ಕೆ ಸಮವೆಂಬುದನ್ನು ನೆನೆದರೆ ಆ ಭಿತ್ತಿಯ ಕೆಲಸದ ಅರಿವಾಗುತ್ತದೆ.

ಉತ್ತರವನ್ನು ಪ್ರಯೋಗದಿಂದ ಪರೀಕ್ಷಿಸುವುದು

ಕಾಗದದ ಮೇಲಿನ ತೀರ್ಮಾನವನ್ನು ಪ್ರಯೋಗದ ಫಲಿತಾಂಶದೊಡನೆ ತಾಳೆ ನೋಡುವಾಗ ಮೊದಲು ಸಾರತೆಯನ್ನು ಒಂದು ಅಕ್ಷದಲ್ಲೂ ಸಾಗಣೆಯ ವೇಗವನ್ನು ಇನ್ನೊಂದು ಅಕ್ಷದಲ್ಲೂ ಇಟ್ಟು ನಕ್ಷೆ ಬಿಡಿಸಿ. ಸಾರತೆ ಹೆಚ್ಚಿದಂತೆ ವೇಗ ನೇರ ಗೆರೆಯಲ್ಲಿ ಏರುತ್ತಲೇ ಹೋದರೆ ಅದು ಎಣ್ಣೆಯ ಪದರದ ಮೂಲಕ ನಡೆಯುವ ಸರಳ ವಿಸರಣೆಯಾಗಿರುವ ಸಾಧ್ಯತೆ ಹೆಚ್ಚು. ಏರಿ ಒಂದು ಮಿತಿಯಲ್ಲಿ ಸಮತಟ್ಟಾದರೆ ವಾಹಕವಿದೆ. ಇದಕ್ಕಿಂತ ಕಟ್ಟುನಿಟ್ಟಾದ ಪರೀಕ್ಷೆಯೆಂದರೆ ಕನ್ನಡಿಬಿಂಬದ ಅಣುವನ್ನು ಬಳಸುವುದು. ಡಿ-ಗ್ಲುಕೋಸ್ ಮತ್ತು ಎಲ್-ಗ್ಲುಕೋಸ್ ಎಣ್ಣೆಯಲ್ಲಿ ಕರಗುವ ಪ್ರಮಾಣ ಒಂದೇ ಆದ್ದರಿಂದ, ಮೊದಲನೆಯದು ಬೇಗನೆ ಒಳಹೋಗಿ ಎರಡನೆಯದು ಹೊರಗೇ ಉಳಿದರೆ, ಆ ವ್ಯತ್ಯಾಸವನ್ನು ಪ್ರೋಟೀನಲ್ಲದೆ ಬೇರೇನೂ ಮಾಡಿರಲಾರದು.

ಶಕ್ತಿಯ ಮೂಲವನ್ನು ತಿಳಿಯಲು ತಡೆವಸ್ತುಗಳನ್ನು ಬಳಸುವಾಗ ಸಮಯದತ್ತ ಗಮನವಿರಲಿ. ಓವಬೈನ್ ಸೋಡಿಯಂ-ಪೊಟ್ಯಾಸಿಯಂ ಪಂಪನ್ನು ಬೇಗನೆ ನಿಲ್ಲಿಸುತ್ತದೆ, ಆದರೆ ಸೋಡಿಯಂನೊಂದಿಗೆ ನಡೆಯುವ ಗ್ಲುಕೋಸ್ ಸಾಗಣೆ ಆ ಕೂಡಲೇ ನಿಲ್ಲುವುದಿಲ್ಲ. ಒಳಗೆ ಸೋಡಿಯಂ ಕೂಡಿಕೊಂಡು ಅದರ ಸೆಳೆತ ತಗ್ಗಿದಂತೆ ಕ್ರಮೇಣ ಕುಂದುತ್ತದೆ. ಈ ತಡವೇ ಅದು ದ್ವಿತೀಯಕ ಸಾಗಣೆಯೆಂಬುದಕ್ಕೆ ಒಳ್ಳೆಯ ಸಾಕ್ಷ್ಯ. ಉಸಿರಾಟವನ್ನು ತಡೆಯುವ ಸಯನೈಡ್‌ನ ಫಲಿತಾಂಶವನ್ನು ಅರ್ಥೈಸುವ ಮುನ್ನ ಕೋಶ ಯಾವುದೆಂದು ಕೇಳಿ: ಕೆಂಪು ರಕ್ತಕಣಗಳಲ್ಲಿ ಮೈಟೊಕಾಂಡ್ರಿಯಗಳಿಲ್ಲ, ಅವು ಆಮ್ಲಜನಕ ಬೇಡದ ಗ್ಲುಕೋಸ್ ವಿಭಜನೆಯಾದ ಗ್ಲೈಕಾಲಿಸಿಸ್‌ನಿಂದಲೇ ಎಟಿಪಿ ಪಡೆಯುತ್ತವೆ, ಆದ್ದರಿಂದ ಅಲ್ಲಿ ಸಯನೈಡ್ ಹಾಕಿದ ಮೇಲೂ ಪಂಪು ನಡೆಯುತ್ತಿದ್ದರೆ ಅದಕ್ಕೆ ಎಟಿಪಿ ಬೇಕಿಲ್ಲವೆಂದು ಬರೆಯುವುದು ತಪ್ಪಾಗುತ್ತದೆ.